ಬೀಜ ಒಡೆದದ್ದು ಯಾರ ತಪ್ಪು?

ಇವತ್ತು ಸ್ವಲ್ಪ ಲೆಕ್ಕದ ವಿಷಯ. ಹೆದರ್ಬೇಡಿ, ನಾನು ಬಿ.ಕಾಂ., ಗಣಿತ ಅಂದ್ರೆ ನನಗೂ ಅಷ್ಟಕ್ಕಷ್ಟೇ.

ಕಡಬದ ಹತ್ತಿರ ನನ್ನ ಸೋದರಮಾವನದ್ದು ಒಂದು ಸಣ್ಣ ಬೀಜದ ಫ್ಯಾಕ್ಟರಿ ಉಂಟು. ಗೇರುಬೀಜ. ನಮ್ಮ ಊರಲ್ಲಿ ಇದೇನು ಹೊಸತಲ್ಲ, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ಈ ಕಸುಬಿನಲ್ಲಿ ದುಡ್ಡು ಇರುವುದು ಇಡೀ ತಿರುಳಿನಲ್ಲಿ. ಡಬ್ಲ್ಯೂ 320 ಅಂತ ಪ್ಯಾಕೆಟಿನ ಮೇಲೆ ನೋಡಿರ್ತೀರಿ, ಅಂದ್ರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು. ಅದೇ ತಿರುಳು ತುಂಡಾದ್ರೆ ರೇಟು ಇಳೀತದೆ.

ಕಳೆದ ವರ್ಷ ಮಳೆ ಹಿಡಿದ ಮೇಲೆ ತುಂಡು ಜಾಸ್ತಿ ಆಯ್ತು. "ನೀನು ಕಂಪ್ಯೂಟರ್ ಮುಂದೆ ಕೂತ್ಕೊಳ್ಳುವವ ಅಲ್ವ, ಯಾಕೆ ಅಂತ ನೋಡು ಮಾರಾಯ" ಅಂದ್ರು ಮಾವ.

ನಾನು ಆರ್ ಎನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಪುಕ್ಕಟೆ ಸಿಗ್ತದೆ. ಅದರಲ್ಲಿ ಆರ್‌ಪಾರ್ಟ್ ಅಂತ ಪ್ಯಾಕೇಜ್ ಉಂಟು, ಡಿಸಿಶನ್ ಟ್ರೀ ಮಾಡುವುದಕ್ಕೆ. ಲಿಯೋ ಬ್ರೈಮನ್ ಮತ್ತು ಮೂವರು ಜೊತೆಗಾರರು 1984ರಲ್ಲಿ ಪುಸ್ತಕ ಮಾಡಿದ ವಿಧಾನ ಅದು. ಡಾಕ್ಟ್ರು ಕೇಳುವ ಹಾಗೆ ಒಂದೊಂದೇ ಪ್ರಶ್ನೆ: ಜ್ವರ ಉಂಟಾ? ಉಂಟಾದ್ರೆ ಈ ಕಡೆ, ಇಲ್ಲಾಂದ್ರೆ ಆ ಕಡೆ. ಯಾವ ಪ್ರಶ್ನೆ ಕೇಳಿದ್ರೆ ತುಂಡು ಜಾಸ್ತಿ ಆದ ಲಾಟು, ಕಮ್ಮಿ ಆದ ಲಾಟು ಚೆನ್ನಾಗಿ ಬೇರೆ ಆಗ್ತದೆ ಅಂತ ಅದೇ ಹುಡುಕ್ತದೆ.

ಮರ ಬಂತು. ಮೊದಲನೇ ಪ್ರಶ್ನೆಯೇ ಕಟಿಂಗ್ ಮಾಡಿದ್ದು ಯಾರು ಅಂತ. ಒಂದು ಕಡೆ ಮೂರು ಹೆಸರು, ಮೂವರೂ ಹಳೇ ಅಕ್ಕಂದಿರು. ಮಾವನ ಮುಖ ನೋಡಿದೆ. "ಹಾಗಾದ್ರೆ ಇವರನ್ನು ಬಿಡಿಸುದೇ" ಅಂದ್ರು. ನನ್ನ ಹೊಟ್ಟೆ ಧಸಕ್ ಅಂತು. ಅದರಲ್ಲಿ ಒಬ್ಬರು ನಾನು ಚಿಕ್ಕವನಿದ್ದಾಗ ಎತ್ತಿ ಆಡಿಸಿದವರು.

ಮರುದಿನ ಅವರ ಹತ್ರವೇ ಕೇಳಿದೆ. ಕೈ ನಿಲ್ಲಿಸದೆ ಹೇಳಿದ್ರು: "ಹಸಿ ಬೀಜ ಬಂದ್ರೆ ನಮ್ಮ ಟೇಬಲಿಗೇ ಅಲ್ವ ಹಾಕುದು? ಹೊಸ ಹುಡುಗಿಯರ ಕೈಯಲ್ಲಿ ಆಗುದಿಲ್ಲಾಂತ."

ಹೌದಲ್ಲ! ಮಳೆ ಬಿದ್ದ ಮೇಲೆ ಸುಳ್ಯ ಕಡೆಯಿಂದ ಬರುವ ಬೀಜ ಸರಿ ಒಣಗಿರುವುದಿಲ್ಲ, ತಿರುಳು ಸಿಪ್ಪೆಗೆ ಅಂಟಿಕೊಂಡಿರ್ತದೆ. ತೇವಾಂಶದ ಲೆಕ್ಕ ಮಾವನ ಡೈರಿಯಲ್ಲಿತ್ತು, ನನ್ನ ಫೈಲಿನಲ್ಲಿ ಇರಲಿಲ್ಲ. ಮರಕ್ಕೆ ಕೊಡದ ಕಾಲಮ್ಮು ಅದಕ್ಕೆ ಕಾಣುವುದಿಲ್ಲ, ಕೊಟ್ಟದ್ದರಲ್ಲೇ ಯಾರನ್ನಾದ್ರೂ ಹಿಡೀತದೆ. ಇನ್ನೊಂದು, ಇಂಥ ಮರಗಳಿಗೆ ತುಂಬ ಹೆಸರಿರುವ ಕಾಲಮ್ಮಿನ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಹೇಗೆ ಬೇಕಾದ್ರೂ ಗುಂಪು ಮಾಡ್ಬಹುದಲ್ಲ.

ಎರಡು ರಾತ್ರಿ ಕೂತು ಡೈರಿ ಟೈಪ್ ಮಾಡಿದೆ. ಈ ಸಲ ಮೊದಲ ಪ್ರಶ್ನೆ ತೇವಾಂಶ, ಎರಡನೇದು ಬೇಯಿಸಿದ ಮೇಲೆ ಎಷ್ಟು ಹೊತ್ತು ಆರಲು ಬಿಟ್ಟಿದ್ದು. ಅಕ್ಕಂದಿರ ಹೆಸರು ಮರದಲ್ಲೇ ಇಲ್ಲ.

ಮಾವ ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. ಆದ್ರೆ ಹಸಿ ಲಾಟನ್ನು ಈಗ ಇನ್ನೆರಡು ದಿನ ಒಣಗಿಸ್ತಾರೆ, ಮೂವರೂ ಅದೇ ಟೇಬಲಿನಲ್ಲಿದ್ದಾರೆ.