ಘಟ್ಟ ಇಳಿಯುವ ಮುನ್ನ

(ಧಾರವಾಡದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ನಿವೃತ್ತಿಯಾದ ಮೇಲೆ ಊರು ಬದಲಿಸಬೇಕೋ ಬೇಡವೋ ಎಂಬುದು ಈಗ ನಮ್ಮಲ್ಲಿ ಮನೆಮನೆಯ ಪ್ರಶ್ನೆ. ನನ್ನ ಮನೆಯಲ್ಲೂ ಎರಡು ವರ್ಷದಿಂದ ಇದೇ ಮಾತು. ಮಗಳು ಮಣಿಪಾಲದಲ್ಲಿ ನೌಕರಿಯಲ್ಲಿದ್ದಾಳೆ. ನಮ್ಮ ಮನೆಯವರಿಗೆ ಕಿಡ್ನಿ ತೊಂದರೆ. ಮುಂದೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. "ಅಲ್ಲೇ ಯಾಕೆ ಇರ್ತೀರಿ, ಇಲ್ಲಿಗೆ ಬಂದುಬಿಡ್ರಿ ಅಪ್ಪಾ" ಎಂದು ಮಗಳ ಒತ್ತಾಯ. ಮಣಿಪಾಲದ ಒಳಗೆ ಮನೆ ಮಾಡುವುದು ನನ್ನ ಪಿಂಚಣಿಗೆ ಎಟುಕುವ ಮಾತಲ್ಲ. ಹೀಗಾಗಿ ಸುತ್ತಲಿನ ಸಣ್ಣ ಊರುಗಳನ್ನು ನೋಡಿಬಂದೆವು: ಕಾಪು, ಕಾರ್ಕಳ, ಪರ್ಕಳ, ಹಿರಿಯಡ್ಕ.

ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಮಾಡಿದವನು ನಾನು. ಊರು ನೋಡುವುದೆಂದರೆ ಮೊದಲು ನೀರು, ಆಮೇಲೆ ಗೋಡೆ, ಆಮೇಲೆ ರಸ್ತೆ. ಬಂಧುಗಳು ಮೊದಲು ಕೇಳುವುದು ಸಮುದ್ರ ಎಷ್ಟು ದೂರ ಎಂದು!

ನೀರಿನ ಮಾತು ಕೇಳಿ. ನಮ್ಮ ಧಾರವಾಡಕ್ಕೆ ಬೀಳುವ ಮಳೆಯ ನಾಲ್ಕೈದು ಪಟ್ಟು ಉಡುಪಿಗೆ ಬೀಳುತ್ತದೆ, ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು. ಆದರೂ 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ಕುಡಿಯುವ ನೀರಿಲ್ಲದೆ ಹೋಯಿತು. ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟು ಒಣಗಿತು, ಸರದಿಯ ಮೇಲೆ ನೀರು ಬಿಡಬೇಕಾಯಿತು. ಕಾರಣ ಸರಳ. ಮಳೆ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಘಟ್ಟದಿಂದ ಕಡಲಿಗೆ ಇಳಿಜಾರು ಕಡಿದು, ಹರಿವು ಗಿಡ್ಡ. ಮುರಕಲ್ಲಿನ ನೆಲ ನೀರನ್ನು ಕುಡಿಯುತ್ತದೆ, ಇಟ್ಟುಕೊಳ್ಳುವುದಿಲ್ಲ. ಕಡಲಿಗೆ, ನದಿಯ ಅಳಿವೆಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಆದ್ದರಿಂದ ಮನೆ ನೋಡುವುದಿದ್ದರೆ ಅಕ್ಟೋಬರಿನಲ್ಲಿ ಹೋಗಬೇಡಿ. ಆಗ ಎಲ್ಲ ಬಾವಿಯೂ ತುಂಬಿರುತ್ತದೆ, ಎಲ್ಲ ದಲ್ಲಾಳಿಯೂ ಸತ್ಯವಂತನೇ. ಮೇ ತಿಂಗಳಲ್ಲಿ ಹೋಗಿ ಬಾವಿಗೆ ಇಣುಕಿ, ಒಂದು ಚೊಂಬು ನೀರು ಸೇದಿ ಕುಡಿಯಿರಿ.

ಕಾಪು ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿಲೋಮೀಟರ್. 1901ರ ದೀಪಸ್ತಂಭ ಬಂಡೆಯ ಮೇಲೆ ಇವತ್ತಿಗೂ ನಿಂತಿದೆ, ನೋಡಲು ಚಂದ. ಆದರೆ ದೀಪಸ್ತಂಭ ಕಾಣುವ ಫ್ಲ್ಯಾಟಿನ ಕಬ್ಬಿಣದ ಸರಳಿಗೂ ಆ ಗಾಳಿ ಬಡಿಯುತ್ತದೆ. ಉಪ್ಪುಗಾಳಿಗೆ ತೆರೆದ ಕಾಂಕ್ರೀಟಿಗೆ ಕನಿಷ್ಠ ಎಂ 30 ದರ್ಜೆ, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆಂದು ಐಎಸ್ 456 ಸಂಹಿತೆ ಹೇಳುತ್ತದೆ. ಕಟ್ಟುವವರು ಎಷ್ಟು ಕೊಟ್ಟಿದ್ದಾರೆ ಎಂದು ಕೇಳಿದರೆ ಮಾರಾಟದ ಹುಡುಗ ಈಜುಕೊಳ ತೋರಿಸುತ್ತಾನೆ. ಹತ್ತು ವರ್ಷ ಹಳೆಯ ಕಟ್ಟಡವಿದ್ದರೆ ಬಾಲ್ಕನಿಯ ಅಡಿಭಾಗ ನೋಡಿ: ಕಂದು ಕಲೆ, ಉದ್ದಕ್ಕೆ ಬಿರುಕು ಕಂಡರೆ ಒಳಗೆ ಸರಳು ತುಕ್ಕು ಹಿಡಿದಿದೆ ಎಂದೇ ಅರ್ಥ.

ಕಾರ್ಕಳ ನನಗೆ ಬಹಳ ಹಿಡಿಸಿತು. ಕಡಲ ಉಪ್ಪಿನಿಂದ ದೂರ, ಗಟ್ಟಿ ಕಲ್ಲಿನ ನೆಲ, 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಊರಿಗೆಲ್ಲ ಕಾಣುತ್ತಾನೆ. ಅಲ್ಲಿಯೇ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕೆತ್ತಿದ 39 ಅಡಿಯ ಬಾಹುಬಲಿ ಊರು ಬಿಟ್ಟು ಧರ್ಮಸ್ಥಳಕ್ಕೆ ಹೋದ. ಅಷ್ಟು ಭಾರದ ಏಕಶಿಲೆ ಸ್ಥಳಾಂತರವಾದ ಮೇಲೆ ಎಪ್ಪತ್ತು ಕಿಲೋ ತೂಕದ ನಾನು ಹಿಂದೆ ಮುಂದೆ ನೋಡುವುದು ನಗೆಪಾಟಲು ಎಂದು ಮನೆಯವರು ಹಾಸ್ಯ ಮಾಡಿದರು. ಆದರೆ ಲೆಕ್ಕ ಬೇರೆ ಹೇಳಿತು. ಕಾರ್ಕಳದಿಂದ ಮಣಿಪಾಲಕ್ಕೆ ಒಂದು ಕಡೆಗೆ ಸುಮಾರು 35 ಕಿಲೋಮೀಟರ್. ವಾರಕ್ಕೆ ಮೂರು ಸಲವೆಂದರೆ 210, ವರ್ಷಕ್ಕೆ ಹನ್ನೊಂದು ಸಾವಿರದ ಹತ್ತಿರ. ರೈಲು ಇಲ್ಲ. ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಿ ಎದ್ದವರನ್ನು ಜುಲೈ ಮಳೆಯಲ್ಲಿ ಬಸ್ಸಿಗೆ ಹತ್ತಿಸುವುದೇ? ತಾಲ್ಲೂಕು ಆಸ್ಪತ್ರೆಗಳಲ್ಲೂ ಸರ್ಕಾರ ಡಯಾಲಿಸಿಸ್ ನಡೆಸುತ್ತದೆ, ನಿಜ. ಆದರೆ ಹೊಸಬರಿಗೆ ಸರದಿ ಸಿಗುತ್ತದೆಯೇ ಎಂದು ಮೊದಲೇ ಹೋಗಿ ವಿಚಾರಿಸಬೇಕು. ಮನೆಗೆ ಮುಂಗಡ ಕೊಟ್ಟ ಮೇಲೆ ಕೇಳುವ ಪ್ರಶ್ನೆ ಅದಲ್ಲ.

ಇಷ್ಟು ನನ್ನ ಕಸುಬಿನ ಮಾತು. ಆದರೆ ನಮ್ಮ ಬಂಧುಗಳ ಆಕ್ಷೇಪ ಇವು ಯಾವುವೂ ಅಲ್ಲ. "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂಬುದು ಒಂದು. "ಅಲ್ಲಿ ಸತ್ತರೆ ಮಣ್ಣು ಮಾಡುವುದು ಎಲ್ಲಿ?" ಎಂಬುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕರಾವಳಿಯಲ್ಲಿ ನಮ್ಮ ಜನ ಕಡಿಮೆ, ಸುಡುವವರೇ ಹೆಚ್ಚು. ಮಳೆಗಾಲದಲ್ಲಿ ತಗ್ಗಿನ ನೆಲವನ್ನು ಒಂದೆರಡು ಮೊಳ ಅಗೆದರೆ ನೀರು ಬರುತ್ತದೆ. ಹೂಳುವ ಪದ್ಧತಿಯವರು ಎತ್ತರದ ರುದ್ರಭೂಮಿ ಯಾವುದು, ಅಲ್ಲಿ ಅವಕಾಶವಿದೆಯೇ ಎಂದು ಪಂಚಾಯಿತಿಯಲ್ಲಿ ಬದುಕಿರುವಾಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ನಾವಿಬ್ಬರೂ ದೇಹದಾನಕ್ಕೆ ಸಹಿ ಹಾಕಿದ್ದೇವೆ. ಸಹಿಯೊಂದೇ ಸಾಲದು, ಆ ಹೊತ್ತಿಗೆ ಮಕ್ಕಳು ಒಪ್ಪಿ ಕಾಲೇಜಿಗೆ ತಿಳಿಸಬೇಕು. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಇದನ್ನು ಮಗಳ ಎದುರೇ ಕೂತು ಮಾತಾಡಿದೆವು. ಅವಳು ಅತ್ತಳು, ಆಮೇಲೆ ಒಪ್ಪಿದಳು.

ಇನ್ನು, ನಮ್ಮವರು ಯಾರಿದ್ದಾರೆ ಎಂಬ ಮಾತು. ಬೆಳಿಗ್ಗೆ ಏಳು ಗಂಟೆಗೆ ಮಣಿಪಾಲ, ಉಡುಪಿ ಕಡೆಯ ಸರ್ಕಲ್‌ಗಳಲ್ಲಿ ನಿಂತು ನೋಡಿ. ಬುತ್ತಿ, ಸಲಿಕೆ ಹಿಡಿದು ದಿನಗೂಲಿಗೆ ಕಾಯುವವರು ಯಾರು? ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದವರು. ಅಲ್ಲಿಯವರು ಅವರನ್ನು ಘಟ್ಟದವರು ಎನ್ನುತ್ತಾರೆ. ನಾವು ಬೆಲೆ ವಿಚಾರಿಸುವ ಫ್ಲ್ಯಾಟುಗಳಿಗೆ ಕಲ್ಲು ಹೊತ್ತವರು ಅವರು. ಪಾಯ ತೋಡುವಾಗ ಬಂದು, ಬಣ್ಣ ಹಚ್ಚುವ ಹೊತ್ತಿಗೆ ತಗಡಿನ ಶೆಡ್ಡು ಕಿತ್ತುಕೊಂಡು ಮುಂದಿನ ಕಟ್ಟಡಕ್ಕೆ ಹೋಗುತ್ತಾರೆ. ಸ್ಥಳಾಂತರವಾಗಬೇಕೋ ಬೇಡವೋ ಎಂದು ಎರಡು ವರ್ಷ ಯೋಚಿಸುವ ಸೌಲಭ್ಯ ಅವರಿಗಿರಲಿಲ್ಲ. ನಮ್ಮ ಬಂಧುಗಳು ಕೇಳುವ "ನಮ್ಮವರು" ಇವರಲ್ಲ, ಗೊತ್ತು. ನಮ್ಮವರು ಯಾರು ಎಂಬುದರ ಬಗ್ಗೆ ಬಸವಣ್ಣನವರ ವಚನ ಈ ಸಭೆಗೆಲ್ಲ ಬಾಯಿಪಾಠ, ನಾನು ಹೇಳಬೇಕಾಗಿಲ್ಲ. ಅಂಗೈಯಲ್ಲಿ ಲಿಂಗವಿರುವವರಿಗೆ ಹತ್ತಿರದಲ್ಲಿ ಗುಡಿ ಇದೆಯೇ ಎಂಬ ಚಿಂತೆಯಿಲ್ಲ. ನೆರೆಯಲ್ಲಿ ಯಾರಿದ್ದಾರೆ, ಅವರ ಹೆಸರು ಗೊತ್ತೇ ಎಂಬ ಚಿಂತೆ ಇರಲೇಬೇಕು. ಕಲ್ಯಾಣದಿಂದ ಉಳವಿಯ ಕಾಡಿನವರೆಗೆ ಬಂದ ಶರಣರು ಹೊತ್ತು ತಂದದ್ದು ವಚನದ ಕಟ್ಟುಗಳನ್ನು. ಬಂಧುಬಳಗ ಎಲ್ಲಿದೆ ಎಂದು ಕೇಳಿಕೊಂಡು ಬರಲಿಲ್ಲ.

ಹೀಗೆಂದು ದೂರವನ್ನು ಹಗುರ ಮಾಡುವುದಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಕಾಗದದ ಮೇಲೇ ಓಡುತ್ತಿದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು, ಜೀವಗಳು ಹೋದವು. ಮಳೆಗಾಲದಲ್ಲಿ ನನ್ನ ಅಣ್ಣನಿಗೆ ಏನಾದರೂ ಆದರೆ ನಾನು ಬಂದು ಮುಟ್ಟದೇ ಇರಬಹುದು. ಅಣ್ಣನೊಂದಿಗೆ ಕೂತು ಇದನ್ನೂ ಆಡಿಕೊಂಡಿದ್ದೇನೆ. "ಹೆಂಡತಿ ಜೀವಾ ಮೊದಲು ನೋಡ್ಕೋ ತಮ್ಮಾ" ಎಂದ.

ನಾವು ಮಾಡಿದ ತೀರ್ಮಾನ ಹೇಳುತ್ತೇನೆ. ಇದನ್ನೇ ತಾವು ಮಾಡಬೇಕೆಂದಿಲ್ಲ. ಕೊಳ್ಳುವುದಿಲ್ಲ. ಮಣಿಪಾಲಕ್ಕೆ ಹತ್ತಿರವಾದ ಪರ್ಕಳದಲ್ಲಿ ಬರುವ ಜೂನ್‌ನಿಂದ ಮುಂದಿನ ಮೇ ಮುಗಿಯುವವರೆಗೆ ಬಾಡಿಗೆ ಮನೆ. ಒಂದು ಮಳೆಗಾಲ ಸೂರನ್ನು ಪರೀಕ್ಷಿಸಲಿ, ಒಂದು ಬೇಸಿಗೆ ಬಾವಿಯನ್ನು ಪರೀಕ್ಷಿಸಲಿ, ವರ್ಷವಿಡೀ ನಮ್ಮನ್ನು ಪರೀಕ್ಷಿಸಲಿ. ಧಾರವಾಡದ ಮನೆ ಮಾರುವುದಿಲ್ಲ. ಕೆಳಗಿನ ಎರಡು ಕೋಣೆಗಳನ್ನು ಹಳ್ಳಿಯಿಂದ ಓದಲು ಬರುವ ಹುಡುಗಿಯರಿಗೆ ಬಿಟ್ಟುಕೊಡುತ್ತೇವೆ.

ಮನೆಯವರು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು. ಪರ್ಕಳದಲ್ಲಿ ಮನೆ ನೋಡಲು ಹೋದ ದಿನ ನಾನು ಟಾರಸಿಯ ನೀರಿನ ಇಳಿಜಾರು ಅಳೆಯುತ್ತಿದ್ದೆ. ಅವರು ಪಕ್ಕದ ಕಟ್ಟಡದ ಶೆಡ್ಡಿನಲ್ಲಿದ್ದ ಬಾದಾಮಿ ಕಡೆಯ ತಾಯಿಯ ಜೊತೆ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂದು ಮಾತಿಗೆ ಕೂತಿದ್ದರು. ಆ ತಾಯಿಯ ಇಬ್ಬರು ಮಕ್ಕಳು ಊರಿಂದೂರಿಗೆ ಓಡಾಡಿ ಶಾಲೆ ಬಿಟ್ಟಿದ್ದಾರೆ. ಜೂನ್‌ನಲ್ಲಿ ಹೋಗುವಾಗ ನಮ್ಮ ಲಗೇಜಿನಲ್ಲಿ ಇಪ್ಪತ್ತೈದು ಕಿಲೋ ಬಿಳಿಜೋಳದ ಜೊತೆ ಎರಡು ಪಾಟಿ, ಒಂದು ಡಬ್ಬಿ ಬಳಪ ಸೇರಿವೆ.