ಹಳೆಯ ಯಂತ್ರಕ್ಕೆ ವಾರಸುದಾರರು ಯಾರು?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಹಳೆಯದಾಯಿತೆಂದು ನಾವು ಗುಜರಿಗೆ ಹಾಕುತ್ತೇವೆ. ಆದರೆ ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಅದರ ಕೈಬಿಟ್ಟಿರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಯಮಗಳಿಗೆ ಹೊಂದದ ಅನೇಕ ಕಂಪ್ಯೂಟರುಗಳು ಸುಸ್ಥಿತಿಯಲ್ಲಿದ್ದರೂ ಹಿಂದೆ ಉಳಿದವು. "ಲಿನಕ್ಸ್ ಹಾಕಿದರೆ ಎಲ್ಲ ಸರಿಹೋಗುತ್ತದೆ" ಎಂದು ಹಲವರು ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಉಳಿದ ಅರ್ಧವನ್ನು ನೀವು ತಿಳಿಯಬೇಕು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಬಳಿಯಿದ್ದ 386 ಕಂಪ್ಯೂಟರಿನ ಮೇಲೆಯೇ ಲಿನಕ್ಸ್ ಬರೆಯತೊಡಗಿದರು. ಇಂಟೆಲ್ ಕಂಪನಿಯ ಆ ಚಿಪ್ 1985ರದು. ಅಂದರೆ ಅದು ಲಿನಕ್ಸಿನ ತವರುಮನೆ. ಆದರೂ 2012ರ ಡಿಸೆಂಬರಿನಲ್ಲಿ 386ರ ಬೆಂಬಲವನ್ನು ತೆಗೆದುಹಾಕಲಾಯಿತು. ಅದಕ್ಕೆ ಲಿನಸ್ ಅವರೇ ಒಪ್ಪಿದರು.

ಇದು ಕೃತಘ್ನತೆಯೇ? ಕಾರಣ ಕೇಳಿ. ಒಂದೇ ಹಾಜರಿ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆಯಹೊರಟರೆ ಗೊಂದಲವಾಗುತ್ತದೆ. ಕಂಪ್ಯೂಟರಿನ ಮೆಮೊರಿಯಲ್ಲೂ ಹಾಗೆಯೇ. ಅಲ್ಲಿರುವ ಸಂಖ್ಯೆಯನ್ನು ನೋಡಿ, ಅದು ಬದಲಾಗದೆ ಇದ್ದರೆ ಮಾತ್ರ ಹೊಸದನ್ನು ಬರೆಯುವ ಕೆಲಸವನ್ನು ಒಂದೇ ಆಜ್ಞೆಯಲ್ಲಿ ಮಾಡುವ ಶಕ್ತಿ 486 ಚಿಪ್ಪಿಗೆ ಬಂತು, 386ಕ್ಕೆ ಇರಲಿಲ್ಲ. ಹೀಗಾಗಿ 386 ಒಂದಕ್ಕಾಗಿ ಬೇರೆ ದಾರಿ ಬರೆದಿಡಬೇಕಾಗಿತ್ತು. ಆ ಭಾಗವನ್ನು ತಿದ್ದಿದಾಗಲೆಲ್ಲ ಹಳೆಯ ದಾರಿಯನ್ನೂ ತಿದ್ದಬೇಕಾಗಿತ್ತು. ಬಳಸುವವರು ಕಡಿಮೆಯಾದರು, ಹೊರೆ ಮಾತ್ರ ಉಳಿಯಿತು.

ಲಿನಕ್ಸಿನ ಮೂಲ ಬರಹದೊಂದಿಗೆ ಒಂದು ಪಟ್ಟಿ ಇರುತ್ತದೆ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆಂದು ಅದರಲ್ಲಿ ಬರೆದಿರುತ್ತದೆ. ಯಾರೂ ಇಲ್ಲದ ಭಾಗದ ಮುಂದೆ 'ಅನಾಥ' ಎಂಬ ಅರ್ಥದ ಇಂಗ್ಲಿಷ್ ಪದವಿರುತ್ತದೆ. ನಮ್ಮ ಉರ್ದುವಿನಲ್ಲಿ ಹೇಳುವುದಾದರೆ 'ಲಾವಾರಿಸ್', ವಾರಸುದಾರರಿಲ್ಲದ್ದು. ಹಳೆಯ ಯಂತ್ರ ಸಾಯುವುದು ವಯಸ್ಸಿನಿಂದಲ್ಲ, ವಾರಸುದಾರರಿಲ್ಲದೆ.

ವಾರಸುದಾರರಿದ್ದರೆ ಏನಾಗುತ್ತದೆಂದೂ ನೋಡಿ. ವ್ಯಾಕ್ಸ್ ಎಂಬ ಕಂಪ್ಯೂಟರ್ ಮಾಲಿಕೆ ಬಂದದ್ದು 1977ರಲ್ಲಿ. ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ 2024ರ 10ನೇ ಆವೃತ್ತಿಯಲ್ಲೂ ವ್ಯಾಕ್ಸ್‌ಗೆ ಜಾಗವಿದೆ. ಅದನ್ನು ಉಳಿಸಿದವರು ಸ್ವಯಂಸೇವಕರು.

ವಿದ್ಯಾರ್ಥಿಗಳೇ, ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಎಸೆಯುವ ಮುನ್ನ ಅದು 64 ಬಿಟ್ಟಿನದೇ ಎಂದು ನೋಡಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಇಂಥ ಯಂತ್ರಗಳಲ್ಲಿ ಹಳೆಯ ಆವೃತ್ತಿ ಓಡಬಹುದು, ಆದರೆ ಭದ್ರತೆಯ ತಿದ್ದುಪಡಿ ನಿಂತ ಮೇಲೆ ಅದನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ. ಟೈಪಿಂಗ್, ಪ್ರೋಗ್ರಾಮಿಂಗ್ ಕಲಿಯಲು ಬಳಸಿ.

ಮುಕ್ತ ತಂತ್ರಾಂಶ ನಮಗೆ ಕೊಡುವುದು ದುರಸ್ತಿಯ ಹಕ್ಕು, ದುರಸ್ತಿ ಮಾಡುವವರನ್ನಲ್ಲ. ಆ ಕೈಗಳು ಎಲ್ಲಿಂದಲೋ ಬರುತ್ತವೆಂದು ಕಾಯದೆ ನಿಮ್ಮಲ್ಲಿ ಕೆಲವರಾದರೂ ಆ ವಿದ್ಯೆ ಕಲಿಯಿರಿ. ಬಳಸುವವರಾಗಿಯಷ್ಟೇ ಉಳಿಯದೆ ವಾರಸುದಾರರಾಗಿರಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.