ಖಾಲಿ ಬೀದಿಯ ಚಿತ್ರಗಳು



ಊರಿನ ಕಪ್ಪು-ಬಿಳುಪು ಚಿತ್ರಗಳ ಬಗ್ಗೆ ಮಾತಾಡಲು ಹಾಸನ ಜಿಲ್ಲೆ ತಕ್ಕ ಜಾಗ. ಛಾಯಾಗ್ರಾಹಕ ಲಿನಿಯಸ್ ಟ್ರೈಪ್ 1854ರಲ್ಲೇ ಬೇಲೂರು, ಹಳೇಬೀಡಿಗೆ ಕ್ಯಾಮೆರಾ ತಂದ. ಆ ಚರಿತ್ರೆಯನ್ನು ಈ ವಿಚಾರ ಸಂಕಿರಣದ ಮಧ್ಯಾಹ್ನದ ಗೋಷ್ಠಿಯ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ನನಗೆ ಬೇಕಾದದ್ದು ಅದರಲ್ಲಿ ಒಂದೇ ಸಂಗತಿ. ಅಂದಿನ ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಕಲ್ಲು ಅಲುಗಾಡದೆ ನಿಂತಿತು, ಚಿತ್ರಕ್ಕೆ ಬಂತು. ನಡೆದುಹೋದವರ ಗುರುತೇ ಬೀಳಲಿಲ್ಲ.

ಅದು ರಾಸಾಯನಿಕದ ಮಿತಿ. ಮುಂದೆ ಸೆಕೆಂಡಿನ ನೂರರಲ್ಲೊಂದು ಪಾಲು ಸಾಕಾಗುವ ಫಿಲ್ಮ್ ಬಂದರೂ ಛಾಯಾಗ್ರಾಹಕರಾದ ನಾವು ಖಾಲಿ ಬೀದಿಯನ್ನು ಬಿಡಲಿಲ್ಲ. ಅಂದಿನ ಅನಿವಾರ್ಯವನ್ನೇ ಅಭಿರುಚಿ ಎಂದು ಹೊತ್ತುಕೊಂಡೆವು. ನಮ್ಮ ದಾರಿ ತಪ್ಪಿದ್ದು ಇಲ್ಲೇ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಜನರ ದಿನನಿತ್ಯದ ಬದುಕಿಗೇ ಕ್ಯಾಮೆರಾ ತಿರುಗಿಸಿದರು. ನಾವು ಅವರನ್ನು ಗೌರವಿಸಿದೆವು, ಪಾಠ ಮಾತ್ರ ಕಲಿಯಲಿಲ್ಲ.

ಒಮ್ಮೆ ಇಲ್ಲಿ, ಶ್ರವಣಬೆಳಗೊಳದ ಕಲ್ಯಾಣಿಯ ಬಳಿ ಯುವ ಛಾಯಾಗ್ರಾಹಕರೊಬ್ಬರು ಅಂಗಡಿಯ ಯಜಮಾನರನ್ನು ಬದಿಗೆ ಸರಿಯಲು ಕೇಳಿದರು. “ಅಂಗಡಿ ಬರುತ್ತಾ ಸಾರ್?” ಎಂದರು ಅವರು. ಇಲ್ಲ, ಗೋಪುರ ಮಾತ್ರ ಎಂಬ ಉತ್ತರ ಬಂತು. “ಮತ್ತೆ ಊರು ತೆಗೀತೀನಿ ಅಂದ್ರಲ್ಲ?” ಅಂಗಡಿಯ ಬೋರ್ಡು, ನಿಂತ ಸೈಕಲ್ಲು, ಗೋಡೆಯ ಚುನಾವಣಾ ಬರಹ ಇವೇ ಚಿತ್ರಕ್ಕೆ ಇಸವಿ ಕೊಡುವುದು. ಗೋಪುರವೊಂದನ್ನೇ ನೋಡಿ 1953ರ ಚಿತ್ರವೋ 1993ರದೋ ಹೇಳುವುದು ಕಷ್ಟ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ವಿಂಧ್ಯಗಿರಿಯ ಮೆಟ್ಟಿಲಲ್ಲಿ ನಿಂತರೆ ಕೆಳಗೆ ಚೌಕಾಕಾರದ ಕಲ್ಯಾಣಿ, ಸುತ್ತ ಮನೆಗಳ ಮಾಡು, ಎದುರಿಗೆ ಚಂದ್ರಗಿರಿ. ಎಲ್ಲರೂ ತೆಗೆಯುವ ಚಿತ್ರ ಇದೇ. ಆದರೆ ಗೊಮ್ಮಟನ ಮಹಾಮಸ್ತಕಾಭಿಷೇಕ ಬಂದಾಗ ಸುತ್ತಲಿನ ಬಯಲಿನಲ್ಲಿ ಇನ್ನೊಂದು ಊರೇ ಏಳುತ್ತದೆ: ಉಪನಗರಗಳು, ಊಟದ ಚಪ್ಪರಗಳು, ನಲ್ಲಿ, ವಿದ್ಯುತ್ ಕಂಬ. ಬೆಟ್ಟದ ಮೇಲೆ ಅಟ್ಟಣಿಗೆ. ಕೆಲವೇ ತಿಂಗಳಲ್ಲಿ ಎಲ್ಲ ಬಿಚ್ಚಿ ಹೋಗುತ್ತದೆ. ನಾವು ಅಭಿಷೇಕದ ಹಾಲು, ಅರಿಶಿನ ತೆಗೆಯುತ್ತೇವೆ. ಅಟ್ಟಣಿಗೆ ಇಳಿದ ಮೇಲೆ ಮೂರ್ತಿ ತೆಗೆಯುತ್ತೇವೆ. ಗೂಟ ಕಿತ್ತ ಗುಂಡಿಗಳಿರುವ ಹೊಲಕ್ಕೆ ಯಾರು ಹೋಗುತ್ತಾರೆ? ಹನ್ನೆರಡು ವರ್ಷಕ್ಕೊಮ್ಮೆ ಬಂದು ಹೋಗುವ ಊರು ನಗರದೃಶ್ಯ ಹೌದೋ ಅಲ್ಲವೋ? ಹೌದಾದರೆ, ಬರಿಯ ಹೊಲದ ಚಿತ್ರದಲ್ಲಿ ಅದನ್ನು ಕಾಣಿಸುವುದು ಹೇಗೆ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಂದು ಚಿತ್ರದಿಂದ ಆಗುವ ಕೆಲಸವಲ್ಲ ಎಂಬುದಷ್ಟೇ ಗೊತ್ತು.

ಹಾಗಾಗಿ ಈ ವಿಚಾರ ಸಂಕಿರಣದ ಮುಂದೆ ಒಂದು ಕೋರಿಕೆ. ಕಳೆದ ಅಭಿಷೇಕ 2018ರಲ್ಲಿ ನಡೆಯಿತು. ವಾಡಿಕೆಯಂತೆ ಮುಂದಿನದು 2030ಕ್ಕೆ. ಟ್ರೈಪಾಡ್ ಊರುವ ಜಾಗಗಳನ್ನು ಈಗಲೇ ಗುರುತಿಸೋಣ. ಮೊದಲು, ನಡುವೆ, ಆಮೇಲೆ, ಅದೇ ಜಾಗ, ಅದೇ ಲೆನ್ಸ್. ದಿನಾಂಕ, ನಿಂತ ಸ್ಥಳ ಬರೆದಿಡೋಣ. ಅಡ್ಡ ಬಂದವರನ್ನು ಸರಿಯಲು ಹೇಳುವುದು ಬೇಡ. ಅವರ ಒಪ್ಪಿಗೆ ಕೇಳಿ, ಅಂಗಡಿ ಸಮೇತ ಚಿತ್ರಕ್ಕೆ ಸೇರಿಸಿಕೊಳ್ಳೋಣ. ಈ ಕೆಲಸದ ನಕ್ಷೆ ನಾಳೆ ಸಂಜೆಯೊಳಗೆ ಸಿದ್ಧವಾದರೆ ನಾವು ಇಲ್ಲಿ ಸೇರಿದ್ದು ಸಾರ್ಥಕ.